ಸಮುದಾಯಗಳ ನಡುವೆ ಕೆಲಸ ಮಾಡಲು ಯಾವ ಡಾಕ್ಟರೇಟ್?

ಮನಃಶಾಸ್ತ್ರದಲ್ಲಿ ಎಂ.ಎ. ಮುಗಿಸಿರುವ ತಾವು, ಬೆಂಗಳೂರಿನ ವಲಸೆ ಕಾರ್ಮಿಕರ ನಡುವೆ ಕೆಲಸ ಮಾಡುವುದಕ್ಕಾಗಿ ಇಲ್ಲಿಯೇ ಪಿಎಚ್.ಡಿ. ಮಾಡಬೇಕೇ ಅಥವಾ ಅಮೆರಿಕದಲ್ಲಿ ಸೈ.ಡಿ. (ಡಾಕ್ಟರ್ ಆಫ್ ಸೈಕಾಲಜಿ) ಮಾಡಬೇಕೇ ಎಂದು ಕೇಳಿದ್ದೀರಿ.

ತಮಗೆ ಬೇಕಿರುವುದು ಸಂಶೋಧನೆಯೋ ಚಿಕಿತ್ಸೆಯೋ ಎಂಬುದು ಮೊದಲು ತೀರ್ಮಾನವಾಗಲಿ. ನಮ್ಮಲ್ಲಿ ಪಿಎಚ್.ಡಿ. ಸಂಶೋಧನಾ ಪದವಿ, ಅದೊಂದರಿಂದಲೇ ಚಿಕಿತ್ಸಾ ಮನಃಶಾಸ್ತ್ರಜ್ಞರೆಂಬ ನೋಂದಣಿ ದೊರೆಯುವುದಿಲ್ಲ. ಅದಕ್ಕೆ, ಆ ನೋಂದಣಿ ಮಾಡುವ ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ತರಬೇತಿ ಬೇಕು. ನಿಮ್ಹಾನ್ಸ್‌ನಂಥ ಕಡೆಗಳ ಎರಡು ವರ್ಷದ ಎಂ.ಫಿಲ್. ಬಹುಕಾಲ ಅದರ ಮುಖ್ಯ ದಾರಿಯಾಗಿತ್ತು.

ಸೈ.ಡಿ. ಎಂಬುದು ಅಮೆರಿಕದ ಮನಃಶಾಸ್ತ್ರಜ್ಞರ 1973ರ ವೇಲ್ ಸಮ್ಮೇಳನದ ಬೆಂಬಲದಿಂದ ಹರಡಿದ, ಚಿಕಿತ್ಸೆಗೇ ಒತ್ತು ಕೊಡುವ ಪದವಿ. ಶುಲ್ಕ ಬಹುಮಟ್ಟಿಗೆ ವಿದ್ಯಾರ್ಥಿಯ ಮೇಲೆಯೇ ಬೀಳುತ್ತದೆ. ಅಲ್ಲಿ ವೈವಿಧ್ಯದ ಪಾಠ ಹೆಚ್ಚಾಗಿ ಜನಾಂಗ, ವಲಸೆ, ಲಿಂಗತ್ವಗಳ ಸುತ್ತ ನಡೆಯುತ್ತದೆ. ಜಾತಿಯನ್ನು ಕುರಿತು ತಾವಾಗಿಯೇ ಓದಿಕೊಳ್ಳಬೇಕಾದೀತು. ಅಳೆಯುವ ಸಾಧನಗಳ ತೊಡಕೂ ಇದೆ: ಯಾದಗಿರಿಯಿಂದ ಬಂದು ಕಟ್ಟಡದ ಕೆಲಸ ಮಾಡುವ ಹೆಂಗಸು ತನ್ನ ದುಃಖವನ್ನು ಎದೆಯುರಿ, ಮೈಕೈ ನೋವು, ನಿದ್ದೆಗೇಡು ಎಂದು ಹೇಳಿಕೊಳ್ಳುವಾಗ, ನಗರದ ವಿದ್ಯಾವಂತರ ಮೇಲೆ ಪರೀಕ್ಷಿಸಿ ಅಂಕ ನಿಗದಿ ಮಾಡಿದ ಪ್ರಶ್ನಾವಳಿ ಆಕೆಯನ್ನು ತಪ್ಪಾಗಿ ಅಳೆಯುವ ಅಪಾಯವಿದೆ.

ಇಂಥ ಕೆಲಸಕ್ಕೆ ನಮ್ಮಲ್ಲೇ ಪರಂಪರೆಯಿದೆ: 1980ರ ದಶಕದಲ್ಲಿ ನಿಮ್ಹಾನ್ಸ್, ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ರೂಪಿಸಿದ ಮಾದರಿಯೇ 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆಧಾರವಾಯಿತು. ಆದ್ದರಿಂದ ಮೊದಲು ಇಲ್ಲಿ ಚಿಕಿತ್ಸಾ ತರಬೇತಿ, ಅನಂತರ ಪಿಎಚ್.ಡಿ. ಎಂಬುದು ನನ್ನ ಸಲಹೆ. ಮಾರ್ಗದರ್ಶಕರನ್ನು ಆರಿಸುವಾಗ, ಕ್ಷೇತ್ರಕಾರ್ಯ ಯಾವ ಭಾಷೆಯಲ್ಲಿ ನಡೆಯುತ್ತದೆ, ಅದರ ಮೇಲ್ವಿಚಾರಣೆ ಯಾರದು ಎಂದು ನೇರವಾಗಿ ವಿಚಾರಿಸಿ.