ಪೊಲೀಸರ ಸಂಖ್ಯೆ ಹೆಚ್ಚಿಸಿದರೆ ನನ್ನ ಕಳ್ಳ-ಪೊಲೀಸ್ ಪ್ರೋಗ್ರಾಂ ಏಕೆ ನಿಂತುಹೋಗುತ್ತದೆ?

ದಾರಿಗಳ ನಕ್ಷೆ ಕೊಟ್ಟರೆ ಕಳ್ಳನನ್ನು ಹಿಡಿಯಲು ಕನಿಷ್ಠ ಎಷ್ಟು ಪೊಲೀಸರು ಬೇಕೆಂದು ಹೇಳುವ ಪ್ರೋಗ್ರಾಂ ಬರೆದಿದ್ದೀರಿ. ಆಟದಲ್ಲಿ ಪೊಲೀಸರೂ ಕಳ್ಳನೂ ಸರದಿಯಂತೆ ಒಂದು ಕೂಡುದಾರಿಯಿಂದ (ದಾರಿಗಳು ಸೇರುವ ಜಾಗದಿಂದ) ಪಕ್ಕದ್ದಕ್ಕೆ ಹೆಜ್ಜೆ ಇಡುತ್ತಾರೆ. ಮೂವರ ತನಕ ಓಡುತ್ತದೆ, ಹತ್ತು ಮಂದಿ ಎಂದಕೂಡಲೇ ಲ್ಯಾಪ್‌ಟಾಪ್ ಕೈಚೆಲ್ಲುತ್ತದೆ, ತಪ್ಪು ನನ್ನದೇ ಎಂದು ಕೇಳಿದ್ದೀರಿ. ನಿಮ್ಮದಲ್ಲ.

ಕಾಸರಗೋಡಿನ ಕಡೆ ನಮ್ಮ ಅಜ್ಜನ ಅಡಿಕೆ ತೋಟದಲ್ಲಿ ಚೌಕಾಕಾರದ ಒಂದು ಕೆರೆಯಿದೆ. ಬೇಸಗೆ ರಜೆಯಲ್ಲಿ ನಾನು ಪೊಲೀಸ್, ಚಿಕ್ಕಪ್ಪನ ಮಗ ಕಳ್ಳ. ನಾನು ಯಾವ ಮೂಲೆಗೆ ಹೋದರೂ ಅವನು ಎದುರು ಮೂಲೆಯಲ್ಲಿ ಹಲ್ಲು ಕಿರಿಯುತ್ತಾ ನಿಂತಿರುತ್ತಿದ್ದ. ಸಂಜೆಯವರೆಗೆ ಓಡಿದರೂ ಅಷ್ಟೇ. ಒಂದು ದಿನ ಅವನ ತಂಗಿ ಬಂದು ಒಂದು ಮೂಲೆಯಲ್ಲಿ ಸುಮ್ಮನೆ ನಿಂತಳು. ನಾನು ಅದರ ಎದುರು ಮೂಲೆ ಹಿಡಿದೆ. ಆಟ ಅಲ್ಲಿಗೆ ಮುಗಿಯಿತು. ತೋಟದಿಂದ ಮನೆಗೆ ಹತ್ತುವ ದಾರಿ ಮಾತ್ರ ಕವಲೊಡೆಯುತ್ತಾ ಹೋಗುತ್ತದೆಯೇ ಹೊರತು ಎಲ್ಲೂ ಸುತ್ತಿ ಬರುವುದಿಲ್ಲ. ಅಲ್ಲಿ ಒಬ್ಬನೇ ಸಾಕು.

ಒಬ್ಬನೇ ಸಾಕಾಗುವ ನಕ್ಷೆಗಳನ್ನು ಗುರುತಿಸುವ ಬಗೆಯನ್ನು 1983ರಲ್ಲಿ ಗಣಿತಜ್ಞರಾದ ನೊವಾಕೋವ್ಸ್ಕಿ ಮತ್ತು ವಿಂಕ್ಲರ್ ಪ್ರಕಟಿಸಿದರು. ಕ್ವಿಲಿಯೋ ಅದಕ್ಕೆ ಮುಂಚೆಯೇ ಕಂಡುಕೊಂಡಿದ್ದರು. ಒಂದು ಕೂಡುದಾರಿಯಿಂದ ಹೋಗಬಹುದಾದ ಜಾಗಗಳಿಗೆಲ್ಲ ಅದರ ಪಕ್ಕದ ಇನ್ನೊಂದರಿಂದಲೂ ಒಂದೇ ಹೆಜ್ಜೆಯಲ್ಲಿ ಹೋಗಬಹುದಾದರೆ ಮೊದಲನೆಯದನ್ನು ಅಳಿಸಿ. ಹೀಗೆ ಅಳಿಸುತ್ತಾ ಹೋಗಿ ಕೊನೆಗೆ ಒಂದೇ ಬಿಂದು ಉಳಿದರೆ ಒಬ್ಬ ಪೊಲೀಸ್ ಸಾಕು. ಕೆರೆಯಲ್ಲಿ ಅಳಿಸಲು ಒಂದು ಮೂಲೆಯೂ ಸಿಗುವುದಿಲ್ಲ.

ಇನ್ನು ನಿಮ್ಮ ಲ್ಯಾಪ್‌ಟಾಪ್ ಸಂಗತಿ. ನೀವು ಬರೆದಿರುವುದು ಬಹುಶಃ ಎಲ್ಲರೂ ಬರೆಯುವುದನ್ನೇ: ಕಳ್ಳ ಸಿಕ್ಕಿಬಿದ್ದ ಸ್ಥಿತಿಗಳಿಗೆ ಗುರುತು ಹಾಕಿ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುವುದು. 20 ಕೂಡುದಾರಿ, 3 ಪೊಲೀಸ್, 1 ಕಳ್ಳ ಎಂದರೆ 20ನ್ನು ನಾಲ್ಕು ಸಲ ಗುಣಿಸಿ 1,60,000 ಸ್ಥಿತಿಗಳು. ಸರದಿ ಯಾರದು ಎಂಬುದನ್ನು ಸೇರಿಸಿದರೆ ಅದರ ಎರಡರಷ್ಟು. ಇದೇನು ಮಹಾ. ಆದರೆ 10 ಪೊಲೀಸರಿಗೆ 20ನ್ನು ಹನ್ನೊಂದು ಸಲ ಗುಣಿಸಬೇಕು: ಇನ್ನೂರು ಲಕ್ಷ ಕೋಟಿ ದಾಟುತ್ತದೆ. ಪೊಲೀಸರ ಸಂಖ್ಯೆ ಮೊದಲೇ ನಿಗದಿಯಾಗಿದ್ದರೆ ನಕ್ಷೆ ದೊಡ್ಡದಾದಂತೆ ಸಮಯ ಬಹುಪದಿಯ ಪ್ರಮಾಣದಲ್ಲಿ (ಗಾತ್ರದ ವರ್ಗ, ಘನಗಳಂತೆ) ಬೆಳೆಯುತ್ತದೆ, ನಿಭಾಯಿಸಬಹುದು. ಆ ಸಂಖ್ಯೆಯೂ ಪ್ರಶ್ನೆಯ ಭಾಗವಾದರೆ ಕೆಟ್ಟಿತು.

ಎಷ್ಟು ಕೆಟ್ಟಿತು ಎಂಬುದನ್ನು ಗೋಲ್ಡ್‌ಸ್ಟೈನ್ ಮತ್ತು ರೈನ್‌ಗೋಲ್ಡ್ 1995ರಲ್ಲೇ ಊಹಿಸಿದ್ದರು. ಕಿನ್ನರ್ಸ್ಲಿ 2015ರಲ್ಲಿ ಪೂರ್ತಿಯಾಗಿ ಸಾಧಿಸಿದರು: ಇದು ಎಕ್ಸ್‌ಪ್‌ಟೈಮ್ ವರ್ಗದ (ಗಾತ್ರ ಹೆಚ್ಚಿದಂತೆ ಮಡಿಮಡಿಯಾಗಿ ಏರುವಷ್ಟು ಸಮಯ ಕೊಟ್ಟರೆ ಬಿಡಿಸಬಹುದಾದವುಗಳ) ಅತಿ ಕಠಿಣ ಸಮಸ್ಯೆಗಳಲ್ಲೊಂದು. ನನಗೆ ಇದರಲ್ಲಿ ಹಿಡಿಸುವುದು ಒಂದು ಅಂಶ. ಎನ್‌ಪಿ (ಉತ್ತರ ಕೊಟ್ಟರೆ ಬೇಗನೆ ಪರಿಶೀಲಿಸಬಹುದಾದ) ವರ್ಗದ ಅತಿ ಕಠಿಣ ಸಮಸ್ಯೆಗಳ ಬಗ್ಗೆ ಮಾತು ಬಂದಾಗ "ಬೇಗನೆ ಬಿಡಿಸಲಾಗದು ಎಂದು ನಂಬಲಾಗಿದೆ" ಎಂದು ಬಾಲ ಸೇರಿಸಬೇಕಾಗುತ್ತದೆ. ಇಲ್ಲಿ ಆ ಬಾಲ ಬೇಡ. ಎಲ್ಲ ನಕ್ಷೆಗಳಿಗೂ ಸಲ್ಲುವ ಬಹುಪದಿ ಸಮಯದ ವಿಧಾನ ಇಲ್ಲವೆಂಬುದು ಸಾಬೀತಾದ ಮಾತು.

ಗುಹೆಯಲ್ಲಿ ದಾರಿ ತಪ್ಪಿದವನನ್ನು ಹುಡುಕುವ ಕಥೆಯಿಂದ 1976ರಲ್ಲಿ ಪಾರ್ಸನ್ಸ್ ಬೆಳೆಸಿದ ಇನ್ನೊಂದು ಆಟವಿದೆ. ಅಲ್ಲಿ ಓಡುವವನು ಕಣ್ಣಿಗೇ ಬೀಳುವುದಿಲ್ಲ, ಅವನ ವೇಗಕ್ಕೂ ಮಿತಿಯಿಲ್ಲ. ನಮ್ಮ ಊರಿನ ನೀರಿನ ಸುರಂಗಗಳನ್ನು ನೆನೆಯಿರಿ, ಮುರಕಲ್ಲಿನ ಗುಡ್ಡಕ್ಕೆ ಅಡ್ಡಡ್ಡವಾಗಿ ಕೊರೆದವು. ಸುರಂಗ ಒಳಗೆ ಕವಲಾಗಿದ್ದರೆ ಒಬ್ಬನೇ ಹುಡುಕಿ ಫಲವಿಲ್ಲ: ನೀವು ಎಡಕ್ಕೆ ಹೋದಾಗ ಅವನು ಬಲದಿಂದ ಹೊರಟು ಬಾಯಿಯ ಕಡೆಗೆ ಜಾರುತ್ತಾನೆ. ಒಬ್ಬರು ಟಾರ್ಚ್ ಹಿಡಿದು ಕವಲಿನಲ್ಲಿ ನಿಲ್ಲಬೇಕು, ಇನ್ನೊಬ್ಬರು ಒಂದೊಂದೇ ಕವಲನ್ನು ನೋಡಿ ಬರಬೇಕು. ಕತ್ತಲಲ್ಲಿ ತಡಕುವ ಈ ಆಟವೇ ಹೆಚ್ಚು ಕಠಿಣ ಎಂದುಕೊಳ್ಳುತ್ತೇವೆ. ಆದರೆ ಇದು ಎನ್‌ಪಿಯಲ್ಲೇ ನಿಲ್ಲುತ್ತದೆ! ಒಮ್ಮೆ ಹುಡುಕಿ ಮುಗಿಸಿದ ಜಾಗವನ್ನು ಮತ್ತೆ ಬಿಟ್ಟುಕೊಡದೆಯೇ, ಅಷ್ಟೇ ಜನರಿಂದ ಕೆಲಸ ಮುಗಿಸಬಹುದೆಂದು ಲಾಪಾ ತೋರಿಸಿದರು. ಹಾಗಾಗಿ ಯೋಜನೆ ಚಿಕ್ಕದು, ಪರಿಶೀಲಿಸುವುದು ಸುಲಭ. ನಿಮ್ಮ ಆಟದಲ್ಲಿ ಕಳ್ಳನ ಪ್ರತಿ ನಡೆಗೂ ಪ್ರತಿನಡೆ ಬೇಕು, ಅಂಥ ಚಿಕ್ಕ ಯೋಜನೆ ಯಾವಾಗಲೂ ಸಿಗುತ್ತದೆಂದು ಯಾರೂ ತೋರಿಸಿಲ್ಲ.

ನಿಮಗೆ ಒಂದು ಸಲಹೆ: ನಕ್ಷೆಯನ್ನು ಗೆರೆಗೆ ಗೆರೆ ಅಡ್ಡಬಾರದಂತೆ ಕಾಗದದ ಮೇಲೆ ಬಿಡಿಸಲು ಸಾಧ್ಯವಾದರೆ 3 ಪೊಲೀಸರು ಯಾವಾಗಲೂ ಸಾಕು; ಇದು 1984ರಲ್ಲಿ ಐಗ್ನರ್ ಮತ್ತು ಫ್ರೊಮ್ಮೆ ಕೊಟ್ಟ ಫಲಿತಾಂಶ. ಅಂಥ ನಕ್ಷೆಗೆ ಹತ್ತು ಮಂದಿಯ ಲೆಕ್ಕವೇ ಬೇಡ. ಮೇಲ್ಸೇತುವೆಗಳಿರುವ ಪೇಟೆಯ ನಕ್ಷೆಯಾದರೆ ಈ ಭರವಸೆ ಇಲ್ಲ. ಆಗ ಮೊದಲು ಮೇಲೆ ಹೇಳಿದಂತೆ ಅಳಿಸಬಹುದಾದ ಕೂಡುದಾರಿಗಳನ್ನೆಲ್ಲ ಅಳಿಸಿ, ಉತ್ತರ ಬದಲಾಗುವುದಿಲ್ಲ. ಆಮೇಲೆ ಒಂದಕ್ಕಿಂತ ಹೆಚ್ಚು ಬಿಂದು ಉಳಿದಿದ್ದರೆ ಇಬ್ಬರಿಂದ ಶುರುಮಾಡಿ.