ತೋಳು ದಪ್ಪವಾಯಿತು, ಚೆಂಡು ದೂರ ಹೋಗಲಿಲ್ಲ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ನನ್ನ ಬಳಿ ಸಲಹೆಗೆ ಬಂದವರ ವಯಸ್ಸು 47. ಹನ್ನೆರಡು ವರ್ಷದಿಂದ ಗಾಲ್ಫ್ ಆಡುತ್ತಿದ್ದಾರೆ. ಕುಳಿತ ಕೂಡಲೇ ಅಂಗೈ ಬಿಚ್ಚಿ ತೋರಿಸಿದರು. ಬೆರಳುಗಳ ಬುಡದಲ್ಲೆಲ್ಲ ಜಡ್ಡುಗಟ್ಟಿತ್ತು.

"ಎಂಟು ತಿಂಗಳಿಂದ ಜಿಮ್ ತಪ್ಪಿಸಿಲ್ಲ ಮೇಡಂ. ಅಂಗಿಯ ತೋಳು ಬಿಗಿಯಾಗ್ತಿದೆ. ಡ್ರೈವ್ (ದೂರಕ್ಕೆ ಹೊಡೆಯುವ ಮೊದಲ ಹೊಡೆತ) ಮಾತ್ರ ಹತ್ತು ಗಜ ಕಮ್ಮಿಯಾಗಿದೆ."

ಏನೇನು ಮಾಡುತ್ತೀರಿ ಎಂದು ಕೇಳಿದೆ. ಬೆಂಚ್ ಪ್ರೆಸ್, ಬೈಸೆಪ್ಸ್. ವಾರಕ್ಕೆ ಆರು ದಿನ, ಕೈ ನಡುಗುವವರೆಗೂ. ಕಾಲಿಗೆ? "ಕ್ಲಬ್ (ಗಾಲ್ಫ್ ಕೋಲು) ಹಿಡಿಯೋದು ಕೈ ಅಲ್ವಾ?"

ಬರಿಗೈಯಲ್ಲೇ ಒಂದು ಸ್ವಿಂಗ್, ಅಂದರೆ ಕ್ಲಬ್ ಬೀಸುವ ಚಲನೆ, ಮಾಡಿ ತೋರಿಸಿ ಎಂದೆ. ಹಲ್ಲು ಕಚ್ಚಿದರು. ಭುಜ ಕಿವಿಯ ಹತ್ತಿರಕ್ಕೆ ಏರಿತು. ಉಸಿರು ನಿಂತಿತು. ಸೊಂಟ ಅಲ್ಲಾಡಲೇ ಇಲ್ಲ.

ಮೇಲೆತ್ತಿದ ಕ್ಲಬ್ ಇಳಿದು ಚೆಂಡಿಗೆ ತಾಗಲು ಹೆಚ್ಚೂಕಮ್ಮಿ ಕಾಲು ಸೆಕೆಂಡ್ ಸಾಕು. ಸ್ನಾಯು ತನ್ನ ಪೂರ್ತಿ ಬಲಕ್ಕೆ ಬರಲು ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಹಾಗಾಗಿ ಎಷ್ಟು ಬಲವಿದೆ ಎನ್ನುವುದರ ಜೊತೆಗೆ, ಎಷ್ಟು ಬೇಗ ಅದು ಹೊರಬರುತ್ತದೆ ಎನ್ನುವುದೂ ಮುಖ್ಯ. ಆ ಬಲ ಹುಟ್ಟುವುದೂ ಕೆಳಗಿನಿಂದಲೇ. ಪಾದ ನೆಲವನ್ನು ಒತ್ತುತ್ತದೆ, ಸೊಂಟ ತಿರುಗುತ್ತದೆ, ಆಮೇಲೆ ಎದೆ, ತೋಳು, ಕೊನೆಗೆ ಕ್ಲಬ್. ಇವರು ಆ ಸರಪಳಿಯ ತುದಿಯನ್ನಷ್ಟೇ ದಪ್ಪ ಮಾಡಿಕೊಂಡಿದ್ದರು. ದಿನಾ ದಣಿದ ಮೈ ಬೇರೆ!

"ಅಮೆರಿಕದ ಗಾಲ್ಫ್ ಆಟಗಾರ ಬ್ರೈಸನ್ ಡಿಶಾಂಬೊ ಮೈ ಬೆಳೆಸಿಯೇ 2020ರ ಯುಎಸ್ ಓಪನ್ ಗಾಲ್ಫ್ ಗೆದ್ದಿದ್ದು ಅಲ್ವಾ?" ಎಂದರು. ನಿಜ. ಆದರೆ ಆತ ವೇಗವಾಗಿ ಬೀಸುವುದನ್ನೇ ಬೇರೆಯಾಗಿ ಅಭ್ಯಾಸ ಮಾಡಿದ್ದ. ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ದಪ್ಪಗಾದ ಮೈ ಮಾತ್ರ ಕಾಣುತ್ತದೆ.

ಅಸಲು ನೋವು ಎರಡನೇ ಭೇಟಿಯಲ್ಲಿ ಹೊರಬಿತ್ತು. ಹದಿನಾರರ ಮಗ ಒಂದು ಭಾನುವಾರ ಇವರ ಚೆಂಡನ್ನು ದಾಟಿ ಹೊಡೆದಿದ್ದ. ಮಾರನೇ ದಿನವೇ ಇವರು ಜಿಮ್ ಸೇರಿದ್ದರು. ಹೇಳುವಾಗ ನೆಲ ನೋಡುತ್ತಿದ್ದರು. ನಾನೂ ಸ್ವಲ್ಪ ಹೊತ್ತು ಸುಮ್ಮನಿದ್ದೆ.

ವಯಸ್ಸಾದಂತೆ ಚುರುಕಾಗಿ ಕೆಲಸ ಮಾಡುವ ಸ್ನಾಯು ಎಳೆಗಳೇ ಹೆಚ್ಚು ಸೊರಗುವುದು. ಅದನ್ನು ಮುಚ್ಚಿಡಲಿಲ್ಲ. ಎಪ್ಪತ್ತು ದಾಟಿದವರೂ ತರಬೇತಿಯಿಂದ ಬಲ ಗಳಿಸುತ್ತಾರೆ, ಅದನ್ನೂ ಹೇಳಿದೆ.

ಮೊದಲು ವೈದ್ಯರಿಗೆ ಬೆನ್ನು, ಮಂಡಿ ತೋರಿಸಿ ಬರಲು ಹೇಳಿದೆ. ಆಮೇಲೆ ತರಬೇತುದಾರರ ಜೊತೆ ಕೂತು ಹೀಗೆ ಗೊತ್ತುಮಾಡಿದೆವು: ಭಾರದ ಕೆಲಸ ವಾರಕ್ಕೆ ಎರಡೇ ದಿನ. ಶುರುವಿನಲ್ಲಿ, ಮೈ ದಣಿಯುವ ಮುಂಚೆ, ಜಿಗಿತ ಮತ್ತು ಮೆಡಿಸಿನ್ ಬಾಲ್ (ವ್ಯಾಯಾಮದ ಭಾರದ ಚೆಂಡು) ಎಸೆತ. ಆಮೇಲೆ ಕಾಲು, ಸೊಂಟಕ್ಕೆ ಸ್ಕ್ವಾಟ್, ಡೆಡ್‌ಲಿಫ್ಟ್, ಐದಾರು ಸಲ ಎತ್ತಿ ಎರಡು ಮೂರು ನಿಮಿಷ ವಿಶ್ರಾಂತಿ. ಇನ್ನೊಂದು ದಿನ ಬರೀ ವೇಗದ ಸ್ವಿಂಗ್. ಆಟದ ಹಿಂದಿನ ದಿನ ಭಾರ ಮುಟ್ಟುವಂತಿಲ್ಲ.

ನನ್ನ ಪಾಲಿನ ಸಲಹೆ ಎರಡೇ. ಎರಡು ತಿಂಗಳು ಮಗನ ಚೆಂಡಿನ ಜೊತೆ ದೂರ ಅಳೆಯಬೇಡಿ, ಕ್ಲಬ್‌ನ ವೇಗ ಮಾತ್ರ ಬರೆದಿಡಿ. ಪ್ರತಿ ಹೊಡೆತಕ್ಕೂ ಮೊದಲು ಉಸಿರು ಬಿಟ್ಟು ದವಡೆ ಸಡಿಲಿಸಿ. ಎರಡನೆಯದೇ ಅವರಿಗೆ ಕಷ್ಟವಾಯಿತು.

ನಾಲ್ಕು ತಿಂಗಳಿಗೆ ವೇಗ ಗಂಟೆಗೆ 88 ಮೈಲಿಯಿಂದ 92ಕ್ಕೆ ಬಂತು. ವೇಗ ಒಂದು ಮೈಲಿ ಏರಿದರೆ ಚೆಂಡು ಎರಡೂವರೆ ಗಜ ಮುಂದೆ ಹೋಗುವ ಲೆಕ್ಕ ಹಿಡಿದರೆ ಕಳೆದುಕೊಂಡಿದ್ದ ಹತ್ತು ಗಜ ವಾಪಸ್ಸು. ಮಗ ಈಗಲೂ ಇವರಿಗಿಂತ ದೂರ ಹೊಡೆಯುತ್ತಾನೆ. ಮೆಡಿಸಿನ್ ಬಾಲ್ ಎಸೆಯುವ ದಿನ ಇಬ್ಬರೂ ಜೊತೆಗೇ ಹೋಗುತ್ತಾರಂತೆ.