ಬಾಗಲಕೋಟೆಯ ಖಾನಾವಳಿಯಲ್ಲಿ ಜೋಳದ ರೊಟ್ಟಿ ಪಿಜ್ಜಾ ನಡೆಯುತ್ತದೆಯೇ? ಬಾಣಸಿಗ ಫ್ಲಾಯ್ಡ್ ಕಾರ್ಡೋಜ್ ಅಂಥವರು ಎರಡು ನಾಡಿನ ಅಡುಗೆ ಬೆರೆಸಿದ್ದು ಹೇಗೆ?

ರೊಟ್ಟಿ ಪಿಜ್ಜಾ ಬೇಡ್ರಿ. ಜೋಳದಲ್ಲಿ ಗೋಧಿಯಂತೆ ಎಳೆದರೆ ಹಿಗ್ಗುವ ಅಂಟಿಲ್ಲ. ಎಸರಿನ ನೀರು ಹಾಕಿ ಹಿಟ್ಟು ನಾದುವುದೇ ಅದಕ್ಕೆ: ಬಿಸಿಗೆ ಹಿಟ್ಟು ಅರೆಬೆಂದು ಜಿಗಿ ಬರುತ್ತದೆ, ಆ ಜಿಗಿಯಿಂದಲೇ ರೊಟ್ಟಿ ಬಡಿಯಲು ಆಗುತ್ತದೆ. ಮೆತ್ತನೆ ರೊಟ್ಟಿಯ ಮೇಲೆ ಟೊಮೆಟೊ ಸಾಸು ಹಾಕಿದರೆ ಗಿರಾಕಿಯ ಕೈಗೆ ಹೋಗುವಷ್ಟರಲ್ಲಿ ತೊಯ್ದು ಹರಿಯುತ್ತದೆ. ಒಣಗಿಸಿ ಗರಿಗರಿ ಮಾಡಿದ ಕಟಕ ರೊಟ್ಟಿ ಬಳಸಿದರೆ ನಡುವೆ ತೇವ, ಅಂಚು ಕರಕಲು. ರೊಟ್ಟಿಯೂ ಕೆಡುತ್ತದೆ, ಪಿಜ್ಜಾವೂ ಆಗುವುದಿಲ್ಲ.

ಕಾರ್ಡೋಜ್ ಇಂಥ ಪೇರಿಸುವ ಕೆಲಸ ಮಾಡಲೇ ಇಲ್ಲ. 1960ರಲ್ಲಿ ಮುಂಬೈಯಲ್ಲಿ ಹುಟ್ಟಿದವರು, ಗೋವಾ ಮೂಲದ ಮನೆತನ. ಬಯೋಕೆಮಿಸ್ಟ್ರಿ ಓದಿ, ಅದನ್ನು ಬಿಟ್ಟು ಹೋಟೆಲ್ ಶಿಕ್ಷಣಕ್ಕೆ ಹೋದರು, ಸ್ವಿಟ್ಜರ್ಲೆಂಡಿನಲ್ಲೂ ಕಲಿತರು. ಆಮೇಲೆ ನ್ಯೂಯಾರ್ಕಿನ ಲೆಸ್ಪಿನಾಸ್ ಎಂಬ ಫ್ರೆಂಚ್ ಪದ್ಧತಿಯ ರೆಸ್ಟೋರೆಂಟಿನಲ್ಲಿ ಬಾಣಸಿಗ ಗ್ರೇ ಕುನ್ಜ್ ಅವರ ಕೈಕೆಳಗೆ ದುಡಿದರು. 1998ರಲ್ಲಿ ರೆಸ್ಟೋರೆಂಟ್ ಉದ್ಯಮಿ ಡ್ಯಾನಿ ಮೇಯರ್ ಜೊತೆ ನ್ಯೂಯಾರ್ಕಿನಲ್ಲಿ ತೆರೆದ ‘ತಬಲಾ’ ರೆಸ್ಟೋರೆಂಟ್ ಅವರಿಗೆ ಹೆಸರು ತಂದಿತು. ಅದು 2010ರ ಕೊನೆಯವರೆಗೆ ನಡೆಯಿತು. 2015ರಲ್ಲಿ ಮುಂಬೈಯಲ್ಲಿ ಪಾಲುದಾರರೊಂದಿಗೆ ‘ಬಾಂಬೆ ಕ್ಯಾಂಟೀನ್’ ರೆಸ್ಟೋರೆಂಟ್ ಆರಂಭಿಸಿ, ದಿನಬಳಕೆಯ ದೇಸಿ ಕಾಯಿಪಲ್ಲೆಗೆ ಮಾನ ಕೊಟ್ಟರು. 2020ರ ಮಾರ್ಚ್ 24ರಂದು ಕೋವಿಡ್‌ನಿಂದ ತೀರಿಕೊಂಡರು. ದೊಡ್ಡ ನಷ್ಟ ಅದು.

ನಿಮಗೆ ಬೇಕಾದ ಪಾಠ ಇರುವುದು 2011ರಲ್ಲಿ ‘ಟಾಪ್ ಶೆಫ್ ಮಾಸ್ಟರ್ಸ್’ ಎಂಬ ಅಮೆರಿಕದ ಟಿವಿ ಅಡುಗೆ ಸ್ಪರ್ಧೆ ಗೆದ್ದಾಗ ಅವರು ಬಡಿಸಿದ ಅಣಬೆಯ ಉಪ್ಪಿಟ್ಟು-ಪೊಲೆಂಟಾದಲ್ಲಿ. ಪೊಲೆಂಟಾ ಎಂದರೆ ಉತ್ತರ ಇಟಲಿಯವರು ಗೋವಿನಜೋಳದ ತರಿಯನ್ನು ಸಾಕಷ್ಟು ನೀರಿನಲ್ಲಿ ತಿರುವುತ್ತ ಬೇಯಿಸುವ ಅಂಬಲಿಯಂಥ ಅಡುಗೆ. ನಮ್ಮ ರವೆಯೂ ತರಿಯೇ. ಎರಡೂ ಕಡೆ ತರಿ ನೀರು ಕುಡಿದು ಉಬ್ಬುತ್ತದೆ. ಆ ಸಮಾನ ಜಾಗ ಹಿಡಿದು, ಧಾನ್ಯ ನಮ್ಮದು, ಹದ ಅವರದು, ರುಚಿಗೆ ತೆಂಗಿನ ಹಾಲು ಮತ್ತು ಕೋಕಂ ಎಂದು ಮಾಡಿದರು. ತಿಂದವರಿಗೆ ಎರಡು ಅಡುಗೆ ಅನಿಸುವುದಿಲ್ಲ, ಒಂದೇ ಅನಿಸುತ್ತದೆ.

ಬಾಗಲಕೋಟೆಯಲ್ಲಿ ಆ ಜಾಗ ರೊಟ್ಟಿಯದಲ್ಲ, ನುಚ್ಚಿನದು, ಅಂದರೆ ಒಡೆದ ಜೋಳದ ತರಿಯದು ಎಂಬುದು ನನ್ನ ಖಚಿತ ಅಭಿಪ್ರಾಯ. ನಾಲ್ಕು ಮಂದಿಗೆ ಹೀಗೆ ಮಾಡಿ.

ಬಿಳಿಜೋಳದ ನುಚ್ಚು 1 ಕಪ್. ಮಾಲದಂಡಿ ತಳಿಯ ಜೋಳ ಸಿಕ್ಕರೆ ಬೇರೆ ನೋಡಬೇಡಿ. ಜರಡಿ ಹಿಡಿದು ಹಿಟ್ಟು ತೆಗೆಯಲೇಬೇಕು. ಹಿಟ್ಟು ಉಳಿದರೆ ಗಂಟಾಗುತ್ತದೆ, ತಳ ಹಿಡಿಯುತ್ತದೆ. ತೊಳೆದು ಕನಿಷ್ಠ 4 ತಾಸು ನೆನೆಸಿ. ನೆನೆಯದ ನುಚ್ಚಿನ ಹೊರಗೆ ಲೋಳೆ, ಒಳಗೆ ಗಟ್ಟಿ ಕಾಳು ಉಳಿಯುತ್ತದೆ. ಹೆಚ್ಚಿನವರು ಸೋಲುವುದು ಇಲ್ಲೇ.

ತಳ ದಪ್ಪಗಿರುವ ಪಾತ್ರೆಯಲ್ಲಿ 2 ಚಮಚ ಎಣ್ಣೆ, ಜೀರಿಗೆ, ಸಣ್ಣಗೆ ಹೆಚ್ಚಿದ ಒಂದು ಉಳ್ಳಾಗಡ್ಡಿ, ಒಂದು ಇಂಚು ಶುಂಠಿ. ಉಳ್ಳಾಗಡ್ಡಿ ಕೆಂಪಾಗಬಾರದು, ಮೆತ್ತಗಾದರೆ ಸಾಕು. 5 ಕಪ್ ನೀರು, 1 ಟೀ ಚಮಚ ಉಪ್ಪು. ಕುದಿ ಬಂದ ಮೇಲೆ ನುಚ್ಚನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ, ಉರಿ ತಗ್ಗಿಸಿ, 35ರಿಂದ 40 ನಿಮಿಷ ಬೇಯಿಸಿ. ಮೂರ್ನಾಲ್ಕು ನಿಮಿಷಕ್ಕೊಮ್ಮೆ ತಳದಿಂದ ತಿರುವಿ. ಗಟ್ಟಿಯಾದರೆ ಬಿಸಿನೀರನ್ನೇ ಸೇರಿಸಿ. ಕುಕ್ಕರ್ ಬಳಸಿದರೆ ಬೇಯುತ್ತದೆ ನಿಜ, ಆದರೆ ತಿರುವದೇ ಆ ಕೆನೆಯಂಥ ಹದ ಬರುವುದಿಲ್ಲ.

ತೆಂಗಿನ ಹಾಲು ನಮ್ಮ ಸೀಮೆಯದಲ್ಲ, ಶೇಂಗಾ ನಮ್ಮದು. 50 ಗ್ರಾಂ ಹಸಿ ಶೇಂಗಾ ನೆನೆಸಿ, ಅರ್ಧ ಕಪ್ ನೀರು ಹಾಕಿ ರುಬ್ಬಿ ಸೋಸಿ. ಇದನ್ನು ಇಳಿಸುವ 10 ನಿಮಿಷ ಮೊದಲೇ ಹಾಕಬೇಕು. ಕುದಿಯದಿದ್ದರೆ ಹಸಿ ವಾಸನೆ ಉಳಿಯುತ್ತದೆ.

ಕೋಕಂ ಹುಳಿಯ ಬದಲು ಪುಂಡಿಪಲ್ಯ ಎಂಬ ಹುಳಿ ಸೊಪ್ಪು. ಎರಡು ಹಿಡಿ ಎಲೆಯನ್ನು ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಜೊತೆ ನೀರಿಲ್ಲದೆ ಬಾಡಿಸಿ ನುಣ್ಣಗೆ ಅರೆಯಿರಿ. ನುಚ್ಚಿನೊಳಗೆ ಕಲಸಬೇಡಿ, ಹುಳಿಗೆ ಶೇಂಗಾ ಹಾಲು ಒಡೆಯುತ್ತದೆ. ತಟ್ಟೆಯಲ್ಲಿ ಮೇಲೆ ಒಂದು ಚಮಚ ಸಾಕು.

ಅಣಬೆ 200 ಗ್ರಾಂ. ಅಗಲ ಬಾಣಲೆ, ಜೋರು ಉರಿ, ಒಂದೇ ಪದರ. ಒತ್ತೊತ್ತಾಗಿ ತುಂಬಿದರೆ ಅಥವಾ ಮೊದಲೇ ಉಪ್ಪು ಹಾಕಿದರೆ ನೀರು ಬಿಟ್ಟು ಬೇಯುತ್ತದೆ, ಹುರಿಯುವುದಿಲ್ಲ. ಕೆಂಪಗಾದ ಮೇಲೆಯೇ ಉಪ್ಪು. ಅಣಬೆ ಒಲ್ಲದವರಿಗೆ ನಿಮ್ಮ ಎಣ್ಣೆಗಾಯಿ ಬದನೆಕಾಯಿಯನ್ನೇ ಗೊಜ್ಜು ಕಡಿಮೆ ಮಾಡಿ ಮೇಲಿಡಿ. ನನಗೆ ಕೇಳಿದರೆ ಅದೇ ಹೆಚ್ಚು ಹೊಂದುತ್ತದೆ. ಚೀಸ್ ಹಾಕಲೇಬೇಕೆಂದರೆ ಇಳಿಸುವಾಗ ನುಚ್ಚಿನೊಳಗೆ 30 ಗ್ರಾಂ ತುರಿದು ಬೆರೆಸಿ, ಉಪ್ಪು ಅಷ್ಟು ತಗ್ಗಿಸಿ.

ಮೆನುವಿನಲ್ಲಿ ಪೊಲೆಂಟಾ ಎಂದು ಬರೆಯಬೇಡಿ, ‘ಬೆಣ್ಣೆ ಹದದ ನುಚ್ಚು, ಎಣ್ಣೆಗಾಯಿ’ ಎಂದು ಬರೆಯಿರಿ. ಹಿರಿಯರೂ ಕೇಳಿ ತಿನ್ನುತ್ತಾರೆ.

ಗದ್ದಲದ ಹೊತ್ತಿಗೆ ಒಂದು ಮಾತು: ನುಚ್ಚು ಆರಿದರೆ ಗಟ್ಟಿಯಾಗುತ್ತದೆ. ಪಾತ್ರೆಯನ್ನು ಬಿಸಿನೀರಿನ ಪಾತ್ರೆಯೊಳಗೆ ಮುಚ್ಚಿಟ್ಟು, ಬಡಿಸುವ ಮುನ್ನ ಕಾಲು ಕಪ್ ಬಿಸಿನೀರು ಹಾಕಿ ತಿರುವಿ. ಉಳಿದದ್ದನ್ನು ಎಣ್ಣೆ ಸವರಿದ ತಟ್ಟೆಯಲ್ಲಿ ಬೆರಳು ದಪ್ಪ ಹರಡಿ ಫ್ರಿಜ್ಜಿನಲ್ಲಿಡಿ. ಮರುದಿನ ಚೌಕಾಗಿ ಕೊಯ್ದು ಹಂಚಿನ ಮೇಲೆ ಎರಡೂ ಬದಿ ಕೆಂಪಗೆ ಸುಟ್ಟು, ಗುರೆಳ್ಳು ಚಟ್ನಿ ಮತ್ತು ಕೆನೆ ಮೊಸರಿನ ಜೊತೆ ಸಂಜೆ ತಿಂಡಿಗೆ ಕೊಡಿ. ಕೊಯ್ಯುವಾಗ ಪುಡಿಯಾದರೆ ಮೊದಲ ದಿನ ನೀರು ಕಡಿಮೆಯಾಗಿದೆ ಎಂದರ್ಥ.